ಕಲ್ಲುಹೂವಿನ ಮೇಲೆ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನಾನು ನಂಬಿದ್ದೇನೆ. ಪಕ್ಕದ ಮನೆಯವರು ಕಾರು ಕೊಂಡರೆ, ಷಡ್ಡಕ ಮನೆಯ ಮೇಲೆ ಮನೆ ಕಟ್ಟಿಸಿದರೆ ಹೊಟ್ಟೆ ಉರಿದುಕೊಳ್ಳುವುದು ಎಲ್ಲರಿಗೂ ಬರುತ್ತದೆ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನನ್ನದು ಹಾಗಲ್ಲ. ನಾನು ಹೊಟ್ಟೆಕಿಚ್ಚು ಪಟ್ಟದ್ದು ಬಂಡೆಯ ಮೇಲೆ ಬೆಳೆಯುವ ಕಲ್ಲುಹೂವಿನ ಮೇಲೆ. ಹೆಸರಿಗೆ ಹೂವು, ಆದರೆ ಹೂವಲ್ಲ. ಬೇರಿಲ್ಲ, ಕಾಂಡವಿಲ್ಲ, ವರ್ಷವೆಲ್ಲ ಕಾದರೂ ಉಗುರಿನ ಅಂಚಿನಷ್ಟು ಬೆಳೆದರೆ ಪುಣ್ಯ. ಕಿರಾಣಿ ಅಂಗಡಿಯಲ್ಲಿ ಚಕ್ಕೆ ಲವಂಗದ ಜೊತೆ ಪೊಟ್ಟಣ ಕಟ್ಟಿಕೊಡುತ್ತಾರಲ್ಲ, ಒಣಗಿದ ಸಿಪ್ಪೆಯಂಥದು, ಅದೇ. ಬರೀ ಅದರ ಮೇಲಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದವಳು ನನ್ನ ಹೆಂಡತಿ. ಅದನ್ನು ನೋಡಿ ಭೇಷ್ ಎಂದವರು ಸಮುದ್ರದಾಚೆಯ ವಿದ್ವಾಂಸರು. ಒಂದೇ ಮನೆಯಲ್ಲಿ, ಒಂದೇ ಊಟದ ಮೇಜಿನ ಎದುರು ಕೂತು ಇದನ್ನೆಲ್ಲ ಸಹಿಸಿಕೊಳ್ಳುವುದು ಹೇಗೆ, ನೀವೇ ಹೇಳಿ.

ನಾನು ಕೊಟ್ಟೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಹೆಸರು ಕೊಟ್ರೇಶ. ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಈ ಹೆಸರು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ, ಕಂಡಕ್ಟರನೂ ಸೇರಿ. ಹೆಸರಿನಿಂದ ಗುರುತಿಸಿಕೊಳ್ಳುವ ಭಾಗ್ಯವಿಲ್ಲದ ನನಗೆ ಇದ್ದ ಒಂದೇ ಹೆಮ್ಮೆಯೆಂದರೆ ನಾನು ಸಂಶೋಧನೆ ಮಾಡುತ್ತೇನೆ ಎಂಬುದು. ನನ್ನ ವಿಷಯ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ನುಗಳು. ಆರೊಮ್ಯಾಟಿಕ್ ಎಂದರೆ ಪರಿಮಳದ್ದು ಎಂದು ಯಾರೋ ಅರ್ಥ ಹೇಳಿಬಿಟ್ಟಿದ್ದರಿಂದ ಹಿರೇಹಡಗಲಿಯ ನಮ್ಮ ಅತ್ತೆಯವರು, ಅಳಿಯಂದಿರು ಅತ್ತರಿನ ಮೇಲೆ ಓದುತ್ತಿದ್ದಾರೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಮುಂದಿನ ಸಲ ಹೋದಾಗ ಒಂದು ಸಣ್ಣ ಸೀಸೆಯನ್ನಾದರೂ ತರಬೇಕೆಂಬ ಬೇಡಿಕೆಯೂ ಬಂತು. ನಿಜ ಹೇಳಬೇಕೆಂದರೆ ನನ್ನ ಸಂಶೋಧನೆಯಲ್ಲಿ ಪರಿಮಳದ ಸುಳಿವೇ ಇಲ್ಲ. ಅದು ಡಾಂಬರು, ಲಾರಿಯ ಹೊಗೆ, ಸೀರೆಗಳ ನಡುವೆ ಇಡುವ ಡಾಂಬರ ಗುಳಿಗೆ ಇವುಗಳ ಲೋಕ. ನಾನು ಮಂಡಕ್ಕಿ ಭಟ್ಟಿಗಳ ಗೋಡೆಯ ಮಸಿಯನ್ನು ಕೆರೆದು ತಂದು ಅದರಲ್ಲಿ ಈ ಹೈಡ್ರೋಕಾರ್ಬನ್ನುಗಳು ಏನೇನಿವೆ ಎಂದು ಹುಡುಕುತ್ತಿದ್ದೆ. ಭಟ್ಟಿಯವರು ಆರಂಭದಲ್ಲಿ ನನ್ನನ್ನು ಯಾವುದೋ ಇಲಾಖೆಯವನೆಂದು ತಿಳಿದು ಚಹಾ ಕೊಡುತ್ತಿದ್ದರು. ಬರೀ ಮೇಷ್ಟ್ರು ಎಂದು ಗೊತ್ತಾದ ಮೇಲೆ ಮಸಿ ಮಾತ್ರ ಕೊಟ್ಟರು.

ನನ್ನ ಹೆಂಡತಿ ಗಿರಿಜಾ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಾಳೆ. ಗುಡ್ಡ ಹತ್ತುವ ಹುಚ್ಚು ಅವಳಿಗೆ ಹೆಸರಿನಲ್ಲೇ ಬಂದಿದೆ. ಭಾನುವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು, ಒಂದು ಭೂತಗನ್ನಡಿ ಮತ್ತು ರೊಟ್ಟಿ-ಪುಂಡಿಪಲ್ಲೆಯ ಡಬ್ಬಿ ಹಿಡಿದು ಕೂಡ್ಲಿಗಿಯ ಕಡೆಗೆ ಹೊರಟುಬಿಡುತ್ತಾಳೆ. ಗುಡ್ಡವೆಂದರೆ ಕಾಡು ಇರಬೇಕು, ಮಂಜು ಇರಬೇಕು ಎಂಬುದು ನನ್ನ ಕಲ್ಪನೆ. ನಮ್ಮ ಕಡೆಯ ಗುಡ್ಡಗಳೆಂದರೆ ಯಾರೋ ಬಂಡೆಗಳನ್ನು ಲಾರಿಯಲ್ಲಿ ತಂದು ಸುರಿದು, ಜೋಡಿಸುವ ಕೆಲಸ ನಾಳೆ ಮಾಡೋಣ ಎಂದು ಮನೆಗೆ ಹೋದ ಹಾಗೆ ಇವೆ. ಸಂದಿಗೊಂದು ಮುಳ್ಳಿನ ಪೊದೆ, ಸಂಜೆಯಾದರೆ ಕರಡಿ. ಅಲ್ಲೇನು ಜೀವವಿಜ್ಞಾನ ಇರುತ್ತದೆ ಎಂದು ನಾನು ಒಂದೆರಡು ಸಲ ನಕ್ಕಿದ್ದೆ. ಅವಳು ವಾದಿಸಲಿಲ್ಲ. ವಾದಿಸದೇ ಇರುವುದು ಅವಳ ದೊಡ್ಡ ಆಯುಧ.

ಹೀಗಿರುವಾಗ ಇಬ್ಬರೂ ಒಂದು ಕಾರ್ಯಾಗಾರಕ್ಕೆ ಹೋದೆವು. ಪ್ರಪಂಚದ ಸಂಶೋಧಕರೆಲ್ಲ ಸೇರುವ ಒಂದು ತಾಣ ಅಂತರ್ಜಾಲದಲ್ಲಿದೆ, ಅಲ್ಲಿ ನಿಮ್ಮ ಸಂದೇಹಗಳನ್ನು ಕೇಳಿ, ಅದೇ ವಿಷಯದಲ್ಲಿ ಕೆಲಸ ಮಾಡುವವರು ಉತ್ತರ ಹೇಳುತ್ತಾರೆ ಎಂದು ಅಲ್ಲಿ ಹೇಳಿಕೊಟ್ಟರು. ಊರ ಮುಂದಿನ ಕಟ್ಟೆಯ ಹಾಗೆಯೇ, ಆದರೆ ಕೂತವರೆಲ್ಲ ಡಾಕ್ಟರೇಟ್ ಮಾಡಿದವರು. ನಾನು ಆವತ್ತಿನಿಂದ ಅದನ್ನು ಕಟ್ಟೆ ಎಂದೇ ಕರೆಯುತ್ತೇನೆ. ಅಕ್ಕಪಕ್ಕ ಕೂತು ಇಬ್ಬರೂ ಹೆಸರು ನೋಂದಾಯಿಸಿಕೊಂಡೆವು, ಒಂದೊಂದು ಪ್ರಶ್ನೆಯನ್ನೂ ಹಾಕಿದೆವು. ನನ್ನ ಪ್ರಶ್ನೆ ಗಂಭೀರವಾಗಿತ್ತು. ಮಸಿಯಿಂದ ಹೈಡ್ರೋಕಾರ್ಬನ್ನುಗಳನ್ನು ಬಿಡಿಸಿಕೊಳ್ಳಲು ಸಣ್ಣ ಕಾಲೇಜಿನ ಪ್ರಯೋಗಾಲಯಕ್ಕೆ ಎಟಕುವ ದ್ರಾವಕ ಯಾವುದು ಎಂದು, ಹಿನ್ನೆಲೆ, ಉದ್ದೇಶ, ವ್ಯಾಪ್ತಿ ಎಲ್ಲವನ್ನೂ ವಿವರಿಸಿ ಕೇಳಿದ್ದೆ. ಗಿರಿಜಾಳದು ಮಕ್ಕಳ ಪ್ರಶ್ನೆಯ ಹಾಗಿತ್ತು. ನಮ್ಮ ಗುಡ್ಡದ ಉತ್ತರದ ಮಗ್ಗುಲಿನಲ್ಲಿ ಕಲ್ಲುಹೂವು ದಟ್ಟವಾಗಿದೆ, ದಕ್ಷಿಣದ ಮಗ್ಗುಲಿನಲ್ಲಿ ವಿರಳವಾಗಿದೆ, ಕಲ್ಲು ಮಾತ್ರ ಒಂದೇ, ನಿಮ್ಮ ಬೆಟ್ಟಗಳಲ್ಲಿ ಹೇಗಿದೆ? ಅಷ್ಟೇ. ನಾನು ಮನಸ್ಸಿನಲ್ಲೇ ಅಯ್ಯೋ ಪಾಪ ಎಂದುಕೊಂಡೆ.

ಮರುದಿನ ಬೆಳಿಗ್ಗೆಯಿಂದ ಅವಳ ಫೋನು ಟಿಂಗ್ ಟಿಂಗ್ ಎನ್ನಲು ಶುರುವಾಯಿತು. ಹಿಮಾಲಯದಿಂದ ಒಬ್ಬರು, ನಾರ್ವೆಯಿಂದ ಒಬ್ಬರು, ಹೆಸರು ಕೇಳಿರದ ದ್ವೀಪವೊಂದರಿಂದ ಗಂಡಹೆಂಡತಿ ಇಬ್ಬರು. ಎಲ್ಲರೂ ತಮ್ಮ ತಮ್ಮ ಬೆಟ್ಟದ ಸಮಾಚಾರ ಹೇಳಿದರು. ಎಲ್ಲರಿಗಿಂತ ಹೆಚ್ಚು ಬರೆದವರು ಪೆರು ದೇಶದ ಒಬ್ಬ ವಯಸ್ಸಾದ ಪ್ರೊಫೆಸರು. ಹಿಮ ಹೊದ್ದ ಶಿಖರದ ಮುಂದೆ ಉಣ್ಣೆಯ ಟೋಪಿ ಹಾಕಿಕೊಂಡು ನಿಂತ ತಮ್ಮ ಫೋಟೋ ಕಳಿಸಿದ್ದರು. ನಮ್ಮ ಪರ್ವತಗಳು ಎತ್ತರವಿರಬಹುದು, ಆದರೆ ನಿಮ್ಮ ಗುಡ್ಡದ ಕಲ್ಲಿನ ಮುಂದೆ ಅವು ನಿನ್ನೆ ಮೊನ್ನೆ ಹುಟ್ಟಿದ ಕೂಸುಗಳು, ಅಂಥ ಹಿರಿಯ ಬಂಡೆಗಳ ನಡುವೆ ಓಡಾಡುವ ನಿಮ್ಮನ್ನು ಕಂಡರೆ ನನಗೆ ಅಸೂಯೆ ಎಂದು ಬರೆದಿದ್ದರು. ಗಿರಿಜಾ ಮಿರ್ಚಿ-ಮಂಡಕ್ಕಿ ತಿನ್ನುತ್ತ ಅದನ್ನು ನನಗೆ ಓದಿ ಹೇಳಿದಳು. ಪೆರುವಿನಲ್ಲಿ ಕೂತವನಿಗೇ ಅಸೂಯೆಯಾದರೆ, ಎದುರಿಗೆ ಕೂತು ಮಿರ್ಚಿ ನಂಚಿಕೊಳ್ಳುತ್ತಿದ್ದವನಿಗೆ ಏನಾಗಿರಬೇಡ.

ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬಹಳ ದಿನಗಳ ಮೇಲೆ ಒಬ್ಬ ಬಂದು, ಯಾವ ಪಠ್ಯಪುಸ್ತಕ ನೋಡಿದ್ದೀರಿ ಎಂದು ಕೇಳಿ ಹೋದ. ಇನ್ನೊಬ್ಬ, ನನಗೂ ಇದೇ ತೊಂದರೆ ಇದೆ, ಉತ್ತರ ಸಿಕ್ಕರೆ ತಿಳಿಸಿ ಎಂದ. ಪ್ರಶ್ನೆಯನ್ನು ಎಷ್ಟು ಜನ ನೋಡಿದ್ದಾರೆ ಎಂದು ಅಲ್ಲಿ ಕೆಳಗೆ ತೋರಿಸುತ್ತದೆ. ಆ ಸಂಖ್ಯೆ ದಿನದಿನವೂ ಏರುತ್ತಿತ್ತು, ಅದನ್ನೇ ನೋಡಿ ಸಮಾಧಾನಪಡುತ್ತಿದ್ದೆ. ನಮ್ಮ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ಹರಪನಹಳ್ಳಿಯ ಮಂಜುನಾಥ, ಇಂಥ ವಿಷಯಗಳಲ್ಲಿ ಚುರುಕು, ನೀವು ತೆರೆದಾಗಲೆಲ್ಲ ಅದು ಏರುತ್ತದೆ ಎಂದು ವಿವರಿಸಿದ. ವಿಜ್ಞಾನ ಕೆಲವು ಸಲ ಅನವಶ್ಯಕವಾಗಿ ಸತ್ಯ ಹೇಳುತ್ತದೆ.

ಈ ನಡುವೆ ಗಿರಿಜಾಳ ಕೆಲಸ ಒಂದು ತಿರುವು ತೆಗೆದುಕೊಂಡಿತು. ಹೆದ್ದಾರಿಗೆ ಹತ್ತಿರವಿದ್ದ ಗುಡ್ಡದ ಬುಡದ ಬಂಡೆಗಳಲ್ಲಿ ಕಲ್ಲುಹೂವು ಕಪ್ಪಾಗಿ, ಅಂಚು ಸುಟ್ಟಂತೆ ಆಗಿರುವುದನ್ನು ಅವಳು ಕಂಡಳು. ಮೇಲಕ್ಕೆ ಹತ್ತುತ್ತ ಹೋದಂತೆ ಅದೇ ಜಾತಿಯದು ಹಸಿರುಬೂದಿ ಬಣ್ಣದಲ್ಲಿ ಆರೋಗ್ಯವಾಗಿತ್ತು. ಲಾರಿಗಳ ಹೊಗೆ ಇದಕ್ಕೆ ಕಾರಣವಿರಬಹುದೇ ಎಂಬುದು ಅವಳ ಅನುಮಾನ. ಅಷ್ಟರಲ್ಲಿ ರಸ್ತೆ ಅಗಲ ಮಾಡುವವರು ಬಂದು ಆ ಬುಡದ ಬಂಡೆಗಳಿಗೆ ಗುರುತು ಹಾಕಿದರು. ಅವಳು ರಜೆ ಹಾಕಿ ಹೋಗಿ, ಒಡೆಯುವುದಕ್ಕೆ ಮೊದಲು ಆ ಕಲ್ಲುಹೂವನ್ನು ಬಂಡೆಬಂಡೆಯಿಂದ ಎಬ್ಬಿಸಿ ಕಾಗದದ ಪೊಟ್ಟಣಗಳಲ್ಲಿ ತುಂಬಿಕೊಂಡು ಬಂದಳು. ಮುಂದಿನ ವಾರ ಹೋದಾಗ ಅಲ್ಲಿ ಬಂಡೆಗಳಿರಲಿಲ್ಲ, ಜಲ್ಲಿಯಿತ್ತು. ಅಂದರೆ ಈಗ ಆ ಜಾಗದ ಕಲ್ಲುಹೂವು ಪ್ರಪಂಚದಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ನಮ್ಮ ಮನೆಯಲ್ಲಿ. ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದವರು ಅದನ್ನು ತಮ್ಮ ಯಂತ್ರದಲ್ಲಿ ಪರೀಕ್ಷಿಸಿಕೊಡಲು ಒಪ್ಪಿದ್ದರು. ಒಣಗಿಸಿ ತನ್ನಿ ಎಂದಿದ್ದರು.

ಆ ಪರೀಕ್ಷೆ ನನ್ನದೇ ಹೈಡ್ರೋಕಾರ್ಬನ್ನುಗಳಿಗಾಗಿ ಎಂದು ನನಗೆ ತಿಳಿದದ್ದು ಗಿರಿಜಾಳ ಬಾಯಿಂದ ಅಲ್ಲ. ಒಂದು ಶನಿವಾರ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಮಂಜುನಾಥ ತನ್ನ ಫೋನನ್ನು ನನ್ನ ಮುಂದೆ ಹಿಡಿದ.

"ಸರ್, ಮೇಡಮ್ಮೋರು ನಿಮ್ ಸಬ್ಜೆಕ್ಟಿನ ಬಗ್ಗೆ ಏನೋ ಕೇಳ್ಯಾರೆ ನೋಡ್ರಿ."

ನೋಡಿದೆ. ನನ್ನ ಹೆಂಡತಿ ಕಟ್ಟೆಯ ಮೇಲೆ ಇಡೀ ಪ್ರಪಂಚಕ್ಕೆ ಬರೆದಿದ್ದಳು. ನಾನು ಗುಡ್ಡಗಳ ಪರಿಸರದ ಅಭ್ಯಾಸಿ, ರಸಾಯನಶಾಸ್ತ್ರ ನನಗೆ ಅಷ್ಟಾಗಿ ತಿಳಿಯದು, ಕಲ್ಲುಹೂವಿನಲ್ಲಿ ಸೇರಿರಬಹುದಾದ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ನುಗಳು ಪರೀಕ್ಷೆಯ ತನಕ ಹಾಳಾಗದಂತೆ ಅದನ್ನು ಒಣಗಿಸಿ ಇಡುವುದು ಹೇಗೆ, ಈ ವಿಷಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಬೇಕು. ಬಲ್ಲವರು ಯಾರಾದರೂ ಇದ್ದರೆ! ಅದನ್ನು ಬಲ್ಲವನು ಆ ಬೆಳಿಗ್ಗೆ ಅವಳ ಬಸ್ಸಿಗೆ ಹೊತ್ತಾಗುತ್ತದೆ ಎಂದು ತಾನೇ ಚಹಾ ಮಾಡಿ ಕೊಟ್ಟು ಬಂದಿದ್ದ. ಮಂಜುನಾಥ ಫೋನನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಚಹಾ ಕುಡಿಯೋಣವೇ ಎಂದು ಕೇಳಿದ. ಅವನ ಆ ಕನಿಕರ ನನ್ನನ್ನು ಇನ್ನಷ್ಟು ಸುಟ್ಟಿತು.

ಮನೆಗೆ ಜಗಳಕ್ಕೆ ಸಿದ್ಧನಾಗಿಯೇ ಹೋದೆ. ಆದರೆ ಏನೆಂದು ಜಗಳ ತೆಗೆಯುವುದು? ನನ್ನನ್ನು ಯಾಕೆ ಕೇಳಲಿಲ್ಲ ಎಂದರೆ ಅವಳ ಪ್ರಶ್ನೆಗಳನ್ನು ನಾನು ಕದ್ದು ಓದುತ್ತೇನೆ ಎಂದಾಗುತ್ತದೆ. ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಅವಳ ಹತ್ತಿರ ನಿಂತು, ಏನಾದರೂ ಕೆಮಿಸ್ಟ್ರಿಯ ಸಂದೇಹ ಇದೆಯಾ ಎಂದು ಹವಾಮಾನ ವಿಚಾರಿಸಿದ ಹಾಗೆ ವಿಚಾರಿಸಿದೆ. ಏನೂ ಇಲ್ಲ ಬಿಡ್ರಿ ಎಂದಳು. ಹಾಗೆ ಅನ್ನುವುದಕ್ಕೆ ಅವಳಿಗೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಹಿಂದೊಮ್ಮೆ ಅವಳು, ಸೀರೆಗೆ ಬಿದ್ದ ಅರಿಶಿನದ ಕಲೆ ಸಾಬೂನು ತಾಗಿದರೆ ಯಾಕೆ ಕೆಂಪಾಗುತ್ತದೆ ಎಂದು ಕೇಳಿದ್ದಳು. ನಾನು ಪರಮಾಣುವಿನ ರಚನೆಯಿಂದ ಶುರುಮಾಡಿದೆ. ಬೆಂಜೀನ್ ಉಂಗುರದ ತನಕ ಬರುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದುಹೋಗಿತ್ತು, ಅವಳು ಇನ್ನೊಂದು ಪಾತ್ರೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಅರಿಶಿನಕ್ಕೆ ನಾನು ಬಂದಾಗ ಅವಳು ಆ ಸೀರೆಯನ್ನು ಕೆಲಸದವಳಿಗೆ ಕೊಟ್ಟಾಗಿತ್ತು.

ಮರುದಿನ ಭಾನುವಾರ. ಬೆಳಿಗ್ಗೆ ಕಟ್ಟೆ ತೆರೆದು ನೋಡಿದರೆ ಪೆರುವಿನ ಪ್ರೊಫೆಸರು ಉತ್ತರ ಕೊಟ್ಟಿದ್ದರು. ಪ್ರೀತಿಯ ಗಿರಿಜಾ ಎಂದು ಶುರುವಾಗಿತ್ತು. ನಾನು ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳಿಗೆ ಹಾಗೆ ಬರೆದವನಲ್ಲ. ಒಂದೇ ಮನೆಯಲ್ಲಿದ್ದವರು ಬರೆಯುವುದಾದರೂ ಏನು. ಉತ್ತರ ಸರಳವಾಗಿತ್ತು. ನಿಮ್ಮಲ್ಲಿ ಒಳ್ಳೆಯ ಬಿಸಿಲಿದೆ, ಕಲ್ಲುಹೂವನ್ನು ತೆಳ್ಳಗೆ ಹರಡಿ ಎರಡು ದಿನ ಬಿಸಿಲಿಗಿಡಿ, ನಾವು ಸಸ್ಯದ ಮಾದರಿಗಳಿಗೆಲ್ಲ ಹಾಗೇ ಮಾಡುತ್ತೇವೆ.

ಓದಿ ನನಗಾದ ಆನಂದವನ್ನು ಹೇಗೆ ವರ್ಣಿಸಲಿ. ತಪ್ಪು! ಶುದ್ಧ ತಪ್ಪು. ಗುರುತು ಹಿಡಿಯುವುದಕ್ಕೆ ಎತ್ತಿಡುವ ಗಿಡಗಳಿಗೆ ಅದು ಸರಿ. ಹೈಡ್ರೋಕಾರ್ಬನ್ ಹುಡುಕುವವರು ಹಾಗೆ ಮಾಡಿದರೆ ಕಥೆ ಮುಗಿಯಿತು. ಬಿಸಿಲಿನ ಕಾವಿಗೆ ಹಗುರಾದವು ಹಾರಿಹೋಗುತ್ತವೆ, ಬೆಳಕಿಗೆ ಉಳಿದವು ಒಡೆದುಹೋಗುತ್ತವೆ. ಹಿಮದ ಮುಂದೆ ಟೋಪಿ ಹಾಕಿಕೊಂಡು ನಿಂತರೆ ಕೆಮಿಸ್ಟ್ರಿ ಬರುವುದಿಲ್ಲ ಸ್ವಾಮಿ ಎಂದು ಫೋನಿಗೆ ಹೇಳಿದೆ. ಹೀಗೆ ಸ್ವಲ್ಪ ಹೊತ್ತು ಒಬ್ಬನೇ ಖುಷಿಪಟ್ಟೆ. ಆಮೇಲೆ ಗಿರಿಜಾ ಎಲ್ಲಿ ಎಂದು ನೆನಪಾಯಿತು. ಮಾಳಿಗೆಯ ಮೇಲೆ ತಗಡಿನ ತಟ್ಟೆಗಳ ಸದ್ದು ಕೇಳಿಸುತ್ತಿತ್ತು.

ಮೆಟ್ಟಿಲ ಬಾಗಿಲಿನಿಂದ ಇಣುಕಿದೆ. ಶಂಡಿಗೆ ಹಾಕಿದ ಸೀರೆಯ ಪಕ್ಕದಲ್ಲೇ ಆ ಬುಡದ ಬಂಡೆಗಳ ಕಲ್ಲುಹೂವನ್ನೆಲ್ಲ ತಟ್ಟೆಗಳಲ್ಲಿ ಹರಡುತ್ತಿದ್ದಳು. ನಮ್ಮ ಕಡೆಯ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಅವಳ ಮುಖದಲ್ಲಿ ಒಂದು ಎಚ್ಚರವಿತ್ತು, ಕೂಸಿಗೆ ಸ್ನಾನ ಮಾಡಿಸುವವರ ಮುಖದಲ್ಲಿರುತ್ತದಲ್ಲ ಅಂಥದು. ಒಂದೊಂದು ಚೂರನ್ನೂ ಬೆರಳ ತುದಿಯಲ್ಲಿ ಎತ್ತಿ ಇಡುತ್ತಿದ್ದಳು. ಅಲ್ಲೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಸುಮ್ಮನೆ ಕೆಳಗೆ ಬಂದೆ. ಇಡೀ ಪ್ರಪಂಚವನ್ನು ಕೇಳಿದ್ದಾಳೆ, ಪ್ರಪಂಚ ಹೇಳಿದ್ದನ್ನು ಮಾಡಲಿ ಎಂಬ ಒಂದು ನೀಚ ಯೋಚನೆ ಬಂದದ್ದು ನಿಜ. ಕುರ್ಚಿಯ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಕಿಟಕಿಯಿಂದ ಬಿಸಿಲು ನೋಡಿದೆ. ಪ್ರತಿ ಗಳಿಗೆಗೂ ನಾಫ್ತಲೀನ್ ಹಾರಿಹೋಗುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು. ಹೆಂಡತಿಯ ಮೇಲಿನ ಪ್ರೀತಿ ಎಂದು ಹೇಳಿಕೊಂಡರೆ ಕೇಳುವುದಕ್ಕೆ ಚೆಂದ, ಆದರೆ ನನಗೆ ಮೊದಲು ಮರುಕ ಹುಟ್ಟಿದ್ದು ಆ ಹೈಡ್ರೋಕಾರ್ಬನ್ನುಗಳ ಮೇಲೆ.

ಫೋನು ತೆಗೆದು ಕಟ್ಟೆಯ ಮೇಲೆ ಬರೆಯತೊಡಗಿದೆ. ಅಭ್ಯಾಸಬಲದಿಂದ ಪರಮಾಣುವಿನಿಂದಲೇ ಶುರುವಾಯಿತು. ಅಳಿಸಿದೆ. ಬಿಸಿಲು ಏರುತ್ತಿತ್ತು, ಪೀಠಿಕೆಗೆ ಸಮಯವಿರಲಿಲ್ಲ. ಕೊನೆಗೆ ನಾಲ್ಕೇ ಸಾಲು ಬರೆದೆ. ಬಿಸಿಲಿನಿಂದ ಈಗಲೇ ತೆಗೆಯಿರಿ. ಗಾಳಿಯಾಡುವ ಕತ್ತಲೆಯ ಕೋಣೆಯಲ್ಲಿ ನೆರಳಲ್ಲಿ ಆರಿಸಿ. ಪ್ಲಾಸ್ಟಿಕ್ ಬೇಡ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಪರೀಕ್ಷೆಯ ತನಕ ತಣ್ಣಗಿಡಿ. ಬರೆದು ಒತ್ತಿದೆ. ಮಾಳಿಗೆಯ ಮೇಲೆ ಟಿಂಗ್ ಎಂದಿತು.

ಆಮೇಲೆ ದಡದಡ ಹೆಜ್ಜೆಗಳು. ಮೆಟ್ಟಿಲ ಮೇಲಿಂದಲೇ ಅವಳು, "ಏನ್ರಿ, ಲಗೂನ ಮ್ಯಾಲೆ ಬರ್ರಿ, ತಾಟು ಹಿಡೀರಿ. ಯಾರೋ ಕೆಮಿಸ್ಟ್ರಿಯವ್ರು ಬಿಸಲಾಗ ಇಡಬ್ಯಾಡ್ರಿ ಅಂತ ಹೇಳ್ಯಾರ" ಎಂದಳು. ನಾನು ಹೋದೆ. ಎರಡೆರಡು ತಟ್ಟೆ ಹಿಡಿದು ಇಬ್ಬರೂ ಓಡಾಡಿ, ಹಾಸಿಗೆಗಳನ್ನು ಇಡುವ ಕತ್ತಲೆಯ ಕೋಣೆಗೆ ಎಲ್ಲವನ್ನೂ ಸಾಗಿಸಿದೆವು. ಅವಸರದಲ್ಲಿ ನಾನು ಶಂಡಿಗೆಯನ್ನೂ ಒಂದಿಷ್ಟು ಒಳಗೆ ತಂದಿದ್ದೆ. ಅವಸರ ಮುಗಿದ ಮೇಲೆ ಅವಳು ಗೋಡೆಗೆ ಒರಗಿ ಕೂತು, ಹೇಳಿದವರು ಯಾರು ಎಂದು ಫೋನಿನಲ್ಲಿ ನೋಡಿದಳು. ನೋಡಿ, ತಲೆಯೆತ್ತಿ ನನ್ನನ್ನು ನೋಡಿದಳು.

"ನೀವಾ?"

ಹೂಂ ಎಂದೆ.

"ಕೆಳಗಿಂದ ಒಂದು ಕೂಗು ಹಾಕಿದ್ರ ಆಗ್ತಿದ್ದಿಲ್ಲೇನ್ರಿ?"

"ನೀನು ಅಲ್ಲಿ ಕೇಳಿದ್ದಿ, ಅಲ್ಲೇ ಹೇಳಿದೆ."

ಅವಳು ಮತ್ತೆ ಫೋನನ್ನು ನೋಡಿದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ. ನನ್ನ ಉತ್ತರವನ್ನು ಮತ್ತೊಮ್ಮೆ ನಿಧಾನವಾಗಿ ಓದಿದಳು, ಕೊನೆಯ ತನಕ.

"ನಾಕು ಸಾಲಿನಾಗ ಹೇಳಾಕ ನಿಮಗ ಬರ್ತೈತಿ ಅಂತ ನನಗ ಗೊತ್ತಿದ್ರ, ಪೆರುವಿಗೆ ಯಾಕ ಹೋಗ್ತಿದ್ದೆ ನಾ" ಎಂದಳು.

ಅದು ಹೊಗಳಿಕೆಯೋ ಬೈಗುಳವೋ ಇಂದಿಗೂ ಬಗೆಹರಿದಿಲ್ಲ. ಆ ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಕೂತು ಅಲ್ಯೂಮಿನಿಯಂ ಹಾಳೆಯನ್ನು ಅಳತೆಗೆ ಕತ್ತರಿಸಿಟ್ಟೆವು. ಯಾವ ತಟ್ಟೆಯಲ್ಲಿರುವುದು ಯಾವ ಬಂಡೆಯದು ಎಂದು ಅವಳು ಹೇಳುತ್ತ ಹೋದಳು, ನಾನು ಹಾಳೆಯ ಮೇಲೆ ಬರೆಯುತ್ತ ಹೋದೆ. ಒಂದೊಂದು ಬಂಡೆಯ ಚಹರೆಯೂ ಅವಳಿಗೆ ನೆನಪಿತ್ತು. ಈಗಿಲ್ಲದ ಆ ಬಂಡೆಗಳ ಬಗ್ಗೆ ಅವಳು ತೀರಿಕೊಂಡ ನೆಂಟರ ಬಗ್ಗೆ ಮಾತಾಡುವ ಹಾಗೆ ಮಾತಾಡಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಕಲ್ಲುಹೂವು ಆರಿದ ಮೇಲೆ ನಮ್ಮ ಫ್ರಿಜ್ಜಿನ ತುಂಬ ಬೆಳ್ಳಿಯ ಪೊಟ್ಟಣಗಳಾದವು. ಹಾಲು, ಮೊಸರು, ತರಕಾರಿ ಎಲ್ಲವೂ ಹೊರಗೆ ಬಂದವು. ಕೆಲವು ದಿನ ನಾವು ಒಡೆದ ಹಾಲಿನ ಚಹಾ ಕುಡಿದೆವು.

ಪೆರುವಿನ ಪ್ರೊಫೆಸರು ಇಷ್ಟಕ್ಕೆ ಮುನಿಸಿಕೊಂಡಿದ್ದರೆ ನನಗೆ ತೃಪ್ತಿಯಾಗುತ್ತಿತ್ತು. ಅವರು ಎಲ್ಲರೆದುರು, ನಾನು ಹೇಳಿದ್ದು ತಪ್ಪು, ಕೊಟ್ರೇಶ್ ಅವರು ಹೇಳಿದ್ದು ಸರಿ, ನಾನು ಬೆಟ್ಟದವನು, ಕೆಮಿಸ್ಟ್ರಿ ಕಲಿತವನಲ್ಲ ಎಂದು ಬರೆದು, ತಮ್ಮದೇ ಒಂದು ಸಂದೇಹವನ್ನು ನನ್ನಲ್ಲಿ ಕೇಳಿದರು. ಇಷ್ಟು ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ಆದರೂ ಬಿಡಲಿಲ್ಲ. ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಳ್ಳುವುದು ಇವರಿಗೆ ಹೇಗೆ ಬಂತು ಎಂದು ಅದರ ಮೇಲೂ ಒಂದಿಷ್ಟು ಪಟ್ಟೆ.

ಪ್ರಯೋಗಾಲಯದ ಫಲಿತಾಂಶ ಬಂತು. ಬುಡದ ಕಲ್ಲುಹೂವಿನಲ್ಲಿ ಹೈಡ್ರೋಕಾರ್ಬನ್ನುಗಳು ಸ್ಪಷ್ಟವಾಗಿ ಕಂಡಿದ್ದವು. ಹೋಲಿಸಿ ನೋಡಲು ಗುಡ್ಡದ ನೆತ್ತಿಯ ಮಾದರಿ ಇನ್ನಷ್ಟು ಬೇಕಾಯಿತು. ಈ ಸಲ ನಾನೂ ಹೋದೆ. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ನನ್ನ ಉಸಿರು ಕೊಟ್ಟೂರಿಗೆ ಕೇಳಿಸುತ್ತಿತ್ತು. ಗಿರಿಜಾ ಬಂಡೆಯಿಂದ ಬಂಡೆಗೆ ಕಾಲಿಡುತ್ತ, ಎಲ್ಲಿ ಹಿಡಿಯಬೇಕು, ಎಲ್ಲಿ ಜಾರುತ್ತದೆ ಎಂದು ಹಿಂದೆ ತಿರುಗಿ ಹೇಳುತ್ತ ಹೋದಳು. ಕುರಿ ಮೇಯಿಸುವ ಅಜ್ಜನೊಬ್ಬ ಅವಳನ್ನು ಕಂಡು, ಬರ್ರಿ ಗುಡ್ಡದ ಮೇಡಮ್ಮಾರ ಎಂದು ನಕ್ಕು, ಹಿಂದೆ ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ, ಇವರಿಗೆ ಆರಾಮಿಲ್ಲೇನು ಎಂದು ವಿಚಾರಿಸಿದ. ನೆತ್ತಿಯ ಉತ್ತರದ ಮಗ್ಗುಲಿನ ಒಂದು ಬಂಡೆಯ ಮುಂದೆ ಅವಳು ನಿಂತು, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟಳು. ಬಾಗಿ ನೋಡಿದೆ. ಬೂದಿ, ಹಸಿರು, ಕಿತ್ತಳೆ ಬಣ್ಣದ ಒಂದು ಇಡೀ ಊರು ಅಲ್ಲಿತ್ತು, ಓಣಿಗಳು, ಗೋಡೆಗಳು, ಸಣ್ಣ ಸಣ್ಣ ಬಟ್ಟಲುಗಳು. ಇಷ್ಟು ವರ್ಷ ಪ್ರತಿ ಭಾನುವಾರ ಇವಳು ಇದನ್ನು ನೋಡಿಕೊಂಡು ಬಂದು ನನಗೆ ಅನ್ನ ಬಡಿಸುತ್ತಿದ್ದಳಲ್ಲ ಎನಿಸಿ, ಅಲ್ಲೇ ಆ ಬಂಡೆಯ ಮುಂದೆ ಹೊಸದಾಗಿ ಹೊಟ್ಟೆ ಉರಿಯಿತು.

ಆಮೇಲೆ ಇಬ್ಬರೂ ಸೇರಿ ಒಂದು ಲೇಖನ ಬರೆದೆವು. ಗುಡ್ಡದ ಭಾಗ ಅವಳದು, ಹೈಡ್ರೋಕಾರ್ಬನ್ ಭಾಗ ನನ್ನದು. ಬರೆಯುವುದರಲ್ಲಿ ತಕರಾರು ಬರಲಿಲ್ಲ. ಮೇಲೆ ಹೆಸರು ಹಾಕುವಾಗ ಬಂತು, ಅದೂ ನನ್ನ ಮನಸ್ಸಿನೊಳಗೆ ಮಾತ್ರ. ಯಾರದು ಮೊದಲು? ಅಕಾರಾದಿಯಾಗಿ ಹಾಕೋಣ, ಅದು ನ್ಯಾಯ ಎಂದೆ. ಕನ್ನಡದಲ್ಲಿ ಕ ಮೊದಲು, ಗ ಆಮೇಲೆ. ಕೊಟ್ರೇಶ ಮುಂದೆ, ಗಿರಿಜಾ ಹಿಂದೆ. ಹೇಳಿದ ಮೇಲೆ ಲೇಖನ ಇಂಗ್ಲಿಷಿನಲ್ಲಿದೆ ಎಂಬುದು ನೆನಪಾಯಿತು. ಅಲ್ಲಿ ಜಿ ಮೊದಲು, ಕೆ ಆಮೇಲೆ. ವಿಜ್ಞಾನ ಕನ್ನಡದಲ್ಲಿ ಬೆಳೆಯಬೇಕು ಎಂದು ಭಾಷಣ ಮಾಡುವವರ ಸಂಕಟ ನನಗೆ ಆವತ್ತು ಮೊದಲ ಸಲ ಅರ್ಥವಾಯಿತು. ಗಿರಿಜಾ ಸೊಪ್ಪು ಸೋಸುತ್ತ, ನಿಮ್ಮದನ್ನೇ ಮೊದಲು ಹಾಕ್ರಿ, ಅದರಾಗ ಏನೈತಿ ಎಂದುಬಿಟ್ಟಳು. ಅಷ್ಟು ಸುಲಭವಾಗಿ ಗೆದ್ದಮೇಲೆ ನನಗೆ ಗೆಲುವು ರುಚಿಸಲಿಲ್ಲ. ಬಹಳ ಹೊತ್ತು ಯೋಚಿಸಿ, ಒಂದು ದೊಡ್ಡ ತ್ಯಾಗ ಮಾಡುವವನ ಗಾಂಭೀರ್ಯದಿಂದ ಅವಳ ಹೆಸರನ್ನೇ ಮೊದಲು ಹಾಕಿ ಕಳಿಸಿದೆ.

ಲೇಖನ ಅಚ್ಚಾಗಿ ಬಂತು. ಅವಳು ಕಲ್ಲುಹೂವಿನ ಚಿತ್ರಗಳು ಚೆನ್ನಾಗಿ ಮೂಡಿವೆಯೇ ಎಂದು ಮಾತ್ರ ನೋಡಿದಳು. ಹೆಸರಿನ ಕಡೆ ಕಣ್ಣು ಹಾಯಿಸಲೇ ಇಲ್ಲ. ಮರುದಿನ ಊಟದ ಮೇಜಿನ ಮೇಲೆ ಆ ಪುಟವನ್ನೇ ತೆರೆದಿಟ್ಟೆ, ಅವಳು ಅದರ ಮೇಲೆ ಸಾರಿನ ಪಾತ್ರೆ ಇಟ್ಟಳು. ತಿಂಗಳುಗಳೇ ಕಳೆದಿವೆ, ನನ್ನ ತ್ಯಾಗ ಇನ್ನೂ ಅವಳ ಗಮನಕ್ಕೆ ಬಂದಿಲ್ಲ. ನಾನಾಗಿ ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ಇದನ್ನೆಲ್ಲ ಹೀಗೆ ಪ್ರಬಂಧ ಮಾಡಿ ಬರೆದಿದ್ದೇನೆ. ತೊಂದರೆ ಏನೆಂದರೆ ಅವಳು ಪ್ರಬಂಧಗಳನ್ನು ಓದುವುದಿಲ್ಲ. ನಿಮ್ಮಲ್ಲಿ ಯಾರಾದರೂ ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ ಅವಳ ಪಕ್ಕ ಕೂರುವವರಿದ್ದರೆ, ಮಾತಿನ ನಡುವೆ ಸುಮ್ಮನೆ, ನಾನು ಹೇಳಿದೆನೆಂದು ಗೊತ್ತಾಗದ ಹಾಗೆ, ಸ್ವಲ್ಪ ಹೇಳಿ.